ಒಳಗಿಂದ ತೆಗಿಯೂಕೆ ಬರೂ ಫ್ರಿಜ್ಜು

ಭಟ್ಕಳದ ಆ ಅಂಗಡೀಲಿ ಸುಧಾಕರ ಫ್ರಿಜ್ ಆರಿಸ್ದ ಚಂದ ನೋಡ್ಬೇಕಿತ್ತು. ಬೇರೆಯವ್ರಾದ್ರೆ ಮುಚ್ಚಳ ತೆಗೀತ್ರು, ಒಳಗೆ ಕೈ ಹಾಕ್ತ್ರು, ಎಷ್ಟು ಲೀಟ್ರು, ಎಷ್ಟು ವರ್ಷ ಗ್ಯಾರಂಟಿ ಕೇಳ್ತ್ರು. ಇಂವ ನೆಲಕ್ಕೆ ಮೊಣಕಾಲೂರಿ, ಒಂದೊಂದೇ ಪೆಟ್ಟಿಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಡಾಕ್ಟ್ರು ಎದೆ ನೋಡ್ದಂಗೆ ನೋಡ್ತಾ ಇದ್ದ. ಆಳು ಸಣ್ಣವನಲ್ಲ. ಆರಡಿ ಎತ್ರ, ಬಲೆ ಎಳ್ದು ಎಳ್ದು ಬೆನ್ನು ಬಾಗಿಲಿನಷ್ಟು ಅಗಲ. ಅಂಥವ ಅಂಗಡಿ ಮಧ್ಯ ಕೂತು ಖಾಲಿ ಡಬ್ಬಿಯ ಮಾತು ಕೇಳ್ತಿದ್ರೆ ನೋಡ್ದವ್ರಿಗೆ ನಗು ಬರದೆ ಇರ್ತದ್ಯಾ?

ಅಂಗಡಿ ಯಜಮಾನ್ರು ದುಬೈಲಿ ಇಪ್ಪತ್ತು ವರ್ಷ ಇದ್ದು ಬಂದವ್ರು. ಮರಳುಗಾಡಲ್ಲಿ ಗಾಡಿ ಓಡ್ಸೂ ಜನ ಹಿಂದ್ಗಡೆ ಎಂತಾ ಫ್ರಿಜ್ ಇಟ್ಕಳ್ತ್ರು ಅಂಬೂದು ಅವ್ರಿಗೆ ಬಾಯಿಪಾಠ.

"ಎಂತ ಭಾಯ್, ಒಳಗೆ ರೇಡಿಯೊ ಇಲ್ಲ," ಅಂದ್ರು.

"ಶಬ್ದ ಬರ್ತದ್ಯಾ ನೋಡ್ತೆ."

"ಬರ್ತದೆ. ಕಂಪ್ರೆಸರ್ ಅಲ್ವಾ, ಗುಂಯ್ ಅಂತದೆ."

"ಗುಂಯ್ ಅಂದ್ರೆ ಅಡ್ಡಿಲ್ಲ. ಬಡಿಯೂ ಶಬ್ದ ಬರ್ತದ್ಯಾ?"

"ಬಡಿಯೂಕೆ ಒಳಗೆ ಯಾರಿದ್ದಾರೆ?"

ಸುಧಾಕರ ಮುಂದಿನ ಪೆಟ್ಟಿಗೆಗೆ ಸರ್ದ.

ಕುಮಟೆಯಲ್ಲಿ ಅವನ ಹೊಟ್ಟೆಪಾಡು ಅಂದ್ರೆ ಒಂದು ಹಳೇ ಜೀಪು. ಓಂ ಬೀಚಿನ ಗದ್ಲ ಬ್ಯಾಸ್ರ ಬಂದ ಹುಬ್ಳಿ, ಬೆಳಗಾವಿ ಜನ ಫೋನ್ ಮಾಡ್ತ್ರು. ಅವ್ರನ್ನ ಹತ್ಸ್ಕಂಡು ಸಂತೆಗುಳಿ ದಾಟಿ, ರಸ್ತೆ ಮುಗಿದಲ್ಲಿಂದ ಮುಂದೆ ಕಲ್ಲು, ಹಳ್ಳ, ಕೆಸರು ಹಾರ್ಸಿ ಗುಡ್ಡದ ನೆತ್ತಿಗೆ ಒಯ್ಯೂದು. ಟೆಂಟು ಹಾಕಿ, ಮೀನು ಹುರ್ದು ಹಾಕಿ, ಮೂರ್ನೇ ದಿನ ಕೆಳಗೆ ಇಳ್ಸೂದು. ಬೋಟು ಬಿಟ್ಟ ಮೇಲೆ ಆರು ವರ್ಷದಿಂದ ಇದೇ ಕಸುಬು. ಗಾಡಿ ಓಡ್ಸೂದ್ರಲ್ಲಿ ಅವ್ನ ಮೀರ್ಸೂವರಿಲ್ಲ. ಸ್ಟೇರಿಂಗ್ ಹಿಡಿದ್ರೆ ಕಲ್ಲೂ ದಾರಿ ಬಿಡೂದು.

ತೊಂದ್ರೆ ಒಂದೇ. ಇಂವ ಐಸ್ ಮುಟ್ಟೂದಿಲ್ಲ. ಮೀನುಗಾರ್ರ ಮನೆ ಮಗ, ಐಸಿನ ಮೇಲೇ ಬೆಳ್ದವ, ಜೀಪಿಗೆ ಒಂದು ಥರ್ಮೊಕೋಲ್ ಪೆಟ್ಟಿಗೆ ಹತ್ಸೂಕೆ ಬಿಡ. ಯಾಕಾ ಅಂದ್ರೆ "ನೀರಾಗ್ತದೆ, ಗಾಡಿ ತುಕ್ಕು ಹಿಡೀತದೆ" ಅಂಬ. ಉಪ್ಪು ಮಸಾಲೆ ಹಚ್ಚಿ, ಬಾಳೆ ಎಲೆ ಸುತ್ತಿ, ಹ್ಯಾಗೋ ದಿನ ದೂಡ್ತಿದ್ದ. ಹೋದ ಸೀಸನ್ನಲ್ಲಿ ಅದೂ ಮುಗೀತು. ಎರಡ್ನೇ ದಿನದ ಕೋಳಿ ತಿಂದು ಆರು ಜನ ಗುಡ್ಡದ ಮೇಲೆ ಹೊಟ್ಟೆ ಹಿಡ್ಕಂಡು ಕೂತ್ರು. ಅವ್ರು ಕೆಳಗಿಳ್ದು ಸುಮ್ನಿರ್ತ್ರಾ? ಮೊಬೈಲಲ್ಲಿ ಹಾಕೂದೆಲ್ಲ ಹಾಕಿದ್ರು. ಅಲ್ಲಿಂದ ಫೋನ್ ಬಡೀಲಿಲ್ಲ.

ಉಳ್ದದ್ದು ಒಂದೇ ಬುಕಿಂಗು. ಹುಬ್ಳಿಯ ಮಾಲಿನಿ ಅಂತ ಒಬ್ರು ಟೀಚರಮ್ಮ, ಎಂಟು ಜನ, ಮೂರು ದಿನ. ಅವ್ರೂ ಮುಲಾಜಿಲ್ದೆ ಹೇಳಿದ್ರು: "ನೋಡ್ರಿ, ಹಾಲು, ಮೀನು, ನಮ್ಮವ್ವನ ಔಷಧ, ಎಲ್ಲಾ ತಣ್ಣಗ ಇರಬೇಕು. ಆಗಂಗಿಲ್ಲಂದ್ರ ಈಗ ಹೇಳ್ರಿ, ಬ್ಯಾರೇದವ್ರನ್ನ ನೋಡ್ಕೋತೀವಿ."

ಈ ಪಾರ್ಟಿಯೂ ಕೆಟ್ರೆ ಜೀಪು ಮಾರೂದೇ. ಮಾರಿದ್ರೆ ಮತ್ತೆ ಬೋಟು. ಬೋಟಿನ ಧಣಿ ಪ್ರತಿ ವರ್ಷ ಹೇಳಿ ಕಳ್ಸ್ತಿದ್ರು, ನಿನ್ನ ಜಾಗ ಖಾಲಿ ಉಂಟು ಅಂತ. ಅದೇ ಬೋಟು. ಅದ್ರ ಹೆಸ್ರು ಕೇಳಿದ್ರೇ ಸುಧಾಕರನಿಗೆ ಊಟ ಸೇರೂದಿಲ್ಲ. ಹೆಂಡ್ತಿ ಕಮಲಿ ಕಡೆಗೊಂದು ದಿನ ಅಂಗಳದಲ್ಲಿ ನಿಂತು ಹೇಳ್ದಳು, "ಬೋಟಿಗಾದ್ರೂ ಹೋಗಿ, ಇಲ್ಲ ಫ್ರಿಜ್ಜಾದ್ರೂ ತನ್ನಿ. ಹೀಗೆ ದಿನಾ ಜೀಪು ಒರೆಸ್ತಾ ಕೂತ್ರೆ ಅದ್ರ ಬಣ್ಣ ಹೋಗ್ತದೆ, ನನ್ನ ತಲೆಯೂ ಹೋಗ್ತದೆ."

ಹಾಗೆ ಬಂದದ್ದು ಭಟ್ಕಳಕ್ಕೆ.

ಯಜಮಾನ್ರು ಮೊದ್ಲು ಒಂದು ಹಗುರದ್ದು ತೋರ್ಸಿ ತಾವೇ ಬದಿಗೆ ತಳ್ಳಿದ್ರು. "ಇದು ಫ್ಯಾನಿಂದು, ಕಂಪ್ರೆಸರ್ ಇಲ್ಲ. ಮಗುವಿನ ಹಾಲಿಗೆ ಸಾಕು. ನಿಮ್ಮ ಬಿಸ್ಲಿಗೆ ಮೀನು ಇಟ್ರೆ ಸಾರು ಆಗ್ತದೆ." ಇನ್ನೊಂದ್ರ ಚಿಲ್ಕ ಬೆರಳಲ್ಲಿ ಮೀಟಿ, "ಪ್ಲಾಸ್ಟಿಕ್ಕು. ಎರಡು ಹಳ್ಳ ದಾಟೂದ್ರೊಳಗೆ ಕೈಗೆ ಬರ್ತದೆ" ಅಂದ್ರು. ಮೂರ್ನೇದು ಬೂದಿ ಬಣ್ಣದ್ದು, ಮೂಲೆಗೆಲ್ಲ ಲೋಹದ ಪಟ್ಟಿ, ಎರಡೂ ಬದಿಗೆ ಹಗ್ಗ ಕಟ್ಟೂಕೆ ಗಟ್ಟಿ ಹಿಡಿ. ಅದ್ರ ಮೇಲೆ ತಾವೇ ಹತ್ತಿ ನಿಂತ್ರು. ತೂಕದ ಮನ್ಷ.

"ನೋಡಿ, ಮಿಸುಕ್ತದ್ಯಾ? ಗಾಡಿ ಹ್ಯಾಗೆ ವಾಲಿದ್ರೂ ಇದು ನಡೀತದೆ. ಬ್ಯಾಟ್ರಿ ಇಳೀತು ಅಂದ್ರೆ ತಾನೇ ಬಂದಾಗ್ತದೆ, ಬೆಳಿಗ್ಗೆ ಜೀಪು ಸ್ಟಾರ್ಟ್ ಆಗ್ಬೇಕಲ್ಲ. ಒಂದೇ ಮಾತು, ಸಿಗರೇಟ್ ಲೈಟರಿನ ತೂತಿಗೆ ಚುಚ್ಚಬೇಡಿ. ಬ್ಯಾಟ್ರಿಯಿಂದ ಸೀದಾ ದಪ್ಪ ವಾಯರ್ ಎಳೀರಿ."

"ಐಸ್ ಬೇಡ್ವಾ?"

"ಐಸ್ ಎಂತಕ್ಕೆ? ಇದೇ ಐಸು!"

ಸುಧಾಕರ ಮುಚ್ಚಳದ ಅಂಚಿನ ರಬ್ಬರಿನ ಮೇಲೆ ಬೆರಳು ಓಡ್ಸ್ದ. "ಮುಚ್ಚಿದ್ರೆ ಗಾಳಿ ಹೋಗ್ತದ್ಯಾ?"

"ಒಂದು ಉಸ್ರೂ ಹೋಗೂದಿಲ್ಲ," ಅಂದ್ರು ಅವ್ರು, ಹೆಮ್ಮೆಯಿಂದ.

"ಒಳಗಿಂದ ತೆಗಿಯೂಕೆ ಬರ್ತದ್ಯಾ?"

ಯಜಮಾನ್ರು ಪೆಟ್ಟಿಗೆಯಿಂದ ಕೆಳಗಿಳ್ದ್ರು. "ಭಾಯ್, ಒಳಗೆ ಇಡೂದು ಮೀನಲ್ವಾ?"

"ಹೌದು, ಮೀನೇ."

"ಹಾಗಾದ್ರೆ ಅದ್ಕೆ ಹೊರಗೆ ಬಂದು ಎಂತ ಕೆಲ್ಸ?"

ಅಂಗಡೀಲಿದ್ದವ್ರೆಲ್ಲ ನಕ್ರು. ಸುಧಾಕರನೂ ನಕ್ಕ. ಆದ್ರೆ ಮುಚ್ಚಳದ ಮೇಲಿನ ಕೈ ತೆಗೀಲಿಲ್ಲ.

ಅಲ್ಲೇ ಅಂಗಡಿ ಎದ್ರು ವಾಯರ್ ಎಳ್ಸಿ, ಫ್ರಿಜ್ ಹಿಂದೆ ಕಟ್ಟಿ, ಚಾಲೂ ಮಾಡಿ ಹೊರಟ. ಮಂಕಿ ದಾಟೂವರೆಗೆ ಸುಮ್ನಿತ್ತು. ಹೊನ್ನಾವರದ ಹತ್ರ, ಶರಾವತಿ ಸೇತುವೆ ಮೇಲೆ, ನೆತ್ತಿ ಸುಡೂ ಬಿಸ್ಲಲ್ಲಿ, ಹಿಂದಿಂದ ಬಂತು. ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್ ಟಕ್.

ಅದು ಕಂಪ್ರೆಸರ್ ಅಂತ ಅಂವ ಬಾಯಿಬಿಟ್ಟು ಹೇಳ್ಕಂಡ. ಲಾರಿಯವ ಹಿಂದಿಂದ ಹಾರ್ನ್ ಹೊಡ್ದಾಗ್ಲೇ ಗೊತ್ತಾದದ್ದು, ತಾನು ಸೇತುವೆ ಮಧ್ಯ ಜೀಪು ನಿಲ್ಸಿಬಿಟ್ಟಿದ್ದೆ ಅಂತ. ಇಳ್ದು ಮುಚ್ಚಳ ತೆಗ್ದು ನೋಡೂಕೆ ಧೈರ್ಯ ಇಲ್ಲ. ಕುತ್ತಿಗೆ ಹಿಂದೆ ತಿರುಗಿಸ್ದೆ ಕುಮಟೆವರೆಗೆ ಓಡ್ಸ್ದ.

ಆ ಬಡಿಯೂ ಶಬ್ದ ಅವ್ನಿಗೆ ಹೊಸ್ತಲ್ಲ.

ಆರು ವರ್ಷದ ಹಿಂದೆ ಸುಧಾಕರ, ಅವನ ತಮ್ಮ ಸೋಮ, ಇಬ್ರೂ ಹಮ್ಮ ತಾಂಡೇಲನ ಬೋಟಲ್ಲಿದ್ರು. ತಾಂಡೇಲ ಅಂದ್ರೆ ಬೋಟು ನಡ್ಸೂವ, ನೀರಿನ ಮೇಲೆ ಅವ್ನ ಮಾತೇ ಮಾತು. ದಡದಿಂದ ಎರಡು ದಿನದ ದೂರದಲ್ಲಿ ಬಲೆ ಎಳೂವಾಗ ಹಗ್ಗ ತುಂಡಾಗಿ ಸೋಮನ ತಲೆಗೆ ಬಡೀತು. ಕೂಗ್ಲೂ ಇಲ್ಲ ಹುಡ್ಗ, ಕೂತಂಗೆ ಒರಗ್ದ. ಹಮ್ಮ ಮೂಗಿನ ಹತ್ರ ಕೈ ಹಿಡ್ದು ನೋಡಿ, ತಲೆ ಆಡಿಸ್ದ. ಬಿಸ್ಲು ಹಾಗಿತ್ತು, ದಡ ದೂರ. ಬೋಟಿನ ಹೊಟ್ಟೆಯೊಳಗೆ ಮೀನು ತುಂಬೂ ಐಸ್ ಖಾನೆ ಉಂಟಲ್ಲ, ಅದ್ರಲ್ಲಿ ಮಲಗ್ಸಿ ಐಸ್ ಮುಚ್ಚಿದ್ರು.

ಆ ಬೋಟಿನದೊಂದು ಕ್ರಮ. ನೀರಿನ ಮೇಲೆ ಸತ್ತವ್ನ ಒಂಟಿ ಬಿಡೂದಿಲ್ಲ, ಮನೆಯವ ಒಬ್ಬ ಖಾನೆ ಮುಚ್ಚಳದ ಮೇಲೆ ಕೂತೇ ಬರ್ಬೇಕು. ಮತ್ತೆ, ದಡದಲ್ಲಿ ಬೋಟು ಕಟ್ಟೂ ಧಕ್ಕೆ ಮುಟ್ಟಿ ಮನೆ ಹೆಂಗಸ್ರು ನೋಡೂವರೆಗೆ ಆ ಮುಚ್ಚಳ ತೆಗೀಕೂಡ್ದು. ಸುಧಾಕರ ಕೂತ. ಎರಡು ಹಗ್ಲು ಕೂತ. ಮೊದ್ಲ ದಿನ ಮಧ್ಯಾಹ್ನ ಅವನ ತೊಡೆ ಕೆಳಗೆ ಹಲಗೆ ಬಡೀತು. ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್ ಟಕ್.

"ತಾಂಡೇಲ್ರೇ, ಒಳಗೆ ಬಡೀತದೆ!" ಅಂತ ಕೂಗ್ದ.

"ಐಸ್ ಕುಸೀತದೆ, ಕೂತ್ಕ," ಅಂದ ಹಮ್ಮ, ಚುಕ್ಕಾಣಿ ಬಿಡ್ದೆ.

ಇಂವ ಕೂತ. ಸಂಜೆ ಹೊತ್ತಿಗೆ ಬಡಿಯೂದು ನಿಂತಿತ್ತು.

ಧಕ್ಕೆಯಲ್ಲಿ ತೆಗ್ದಾಗ ಸೋಮ ಮಲಗ್ಸ್ದಂಗೇ ಇದ್ನಾ, ಬೇರೆ ನಮೂನಿ ಇದ್ನಾ, ಸುಧಾಕರ ನೋಡ್ಲಿಲ್ಲ. ಮುಖ ಬೇರೆ ಕಡೆ ತಿರ್ಗ್ಸಿದ್ದ. ಆಸ್ಪತ್ರೆಯಲ್ಲಿ ಡಾಕ್ಟ್ರನ್ನ ಕೇಳ್ದ, ಯಾವಾಗ ಹೋದದ್ದು ಅಂತ. "ಐಸಲ್ಲಿ ಇದ್ದದ್ದಲ್ವಾ, ಹೊತ್ತು ಸರಿಯಾಗಿ ಹೇಳೂಕಾಗೂದಿಲ್ಲ" ಅಂದ್ರು. ಆ ಡಾಕ್ಟ್ರು ಒಂದು ಸುಳ್ಳಾದ್ರೂ ಹೇಳ್ಬಹುದಿತ್ತು.

ಈಗ ಗೊತ್ತಾತಲ್ಲ, ಇಂವ ಐಸ್ ಯಾಕೆ ಮುಟ್ಟ ಅಂತ. ಐಸ್ ಇಲ್ದೆ ತಣ್ಣಗೆ ಮಾಡೂ ಪೆಟ್ಟಿಗೆ ಬಂದದೆ ಅಂತ ಕೇಳಿ ಆಸೆ ಹುಟ್ಟಿತ್ತು. ಐಸ್ ಇಲ್ಲಂದ್ರೆ ಕುಸಿಯೂದಿಲ್ಲ, ಕುಸೀದಿದ್ರೆ ಶಬ್ದ ಇಲ್ಲ. ಸೇತುವೆ ಮೇಲೆ ಆ ಲೆಕ್ಕ ತಪ್ಪಿತು.

ಮರುದಿನ ಬೆಳಿಗ್ಗೆ ಕಮಲಿ ದನಕ್ಕೆ ಅಕ್ಕಚ್ಚು ಇಟ್ಟು ಬರೂದ್ರೊಳಗೆ ಅಂಗಳದಲ್ಲಿ ಡ್ರಿಲ್ಲಿನ ಶಬ್ದ. ಇಂವ ಹೊಸಾ ಫ್ರಿಜ್ಜು ಮಗ್ಗುಲಿಗೆ ಮಲಗ್ಸಿ ಬುಡದಲ್ಲಿ ತೂತು ಕೊರೀತಾ ಇದ್ದ. ಬೋಟಿನವ್ರು ಯಾವ ಐಸ್ ಪೆಟ್ಟಿಗೆ ತಂದ್ರೂ ಮೊದ್ಲು ಮಾಡೂ ಕೆಲ್ಸ ಅದೇ. ಕರಗ್ದ ನೀರು ಹೋಗೂಕೆ ಬುಡದಲ್ಲಿ ಒಂದು ತೂತು. ಕೈಗೆ ರೂಢಿಯಾದ ಕೆಲ್ಸ, ಅಳತೆ ಬೇಡ. ಕಮಲಿ "ಅಯ್ಯೋ, ನಿಲ್ಸಿ!" ಅಂಬೂದ್ರೊಳಗೆ ಡ್ರಿಲ್ಲು ಒಳಗಿನ ತಾಮ್ರದ ನಳಿಗೆ ತಾಗಿ, ಉಸ್ಸ್ ಅಂತ ಗ್ಯಾಸು ಹೊರಗೆ ಬಂತು. ಉದ್ದಕ್ಕೆ, ಯಾರೋ ತಡ್ಕಂಡಿದ್ದ ಉಸ್ರು ಬಿಟ್ಟಂಗೆ. ಸುಧಾಕರ ಡ್ರಿಲ್ಲು ಕೈಬಿಟ್ಟು ಹಿಂದಕ್ಕೆ ಕೂತ.

ಭಟ್ಕಳಕ್ಕೆ ಫೋನ್ ಮಾಡಿದ್ರೆ ಯಜಮಾನ್ರು ಎರಡು ಸಲ ಕೇಳಿದ್ರು. "ತೂತಾ? ನೀವೇ ಮಾಡಿದ್ದಾ? ಭಾಯ್, ನಾನು ಲಾರಿ ಹತ್ತಿದ ಫ್ರಿಜ್ ರಿಪೇರಿ ಮಾಡ್ಸಿದ್ದೇನೆ, ಒಂಟೆ ಒದ್ದದ್ದೂ ಮಾಡ್ಸಿದ್ದೇನೆ. ಇದು ನನ್ನಿಂದ ಆಗೂದಿಲ್ಲ."

ಕಮಲಿ ಫೋನ್ ಇಟ್ಟು ಗಂಡನ ಎದ್ರು ಕೂತಳು. ಬೈಯಲಿಲ್ಲ. ಬೈದಿದ್ರೆ ಚಲೋ ಇತ್ತು.

"ಇದ್ರಲ್ಲಿ ಐಸೇ ಇಲ್ಲ. ನೀರು ಎಲ್ಲಿಂದ ಬರ್ತದೆ ಅಂತ ತೂತು ಮಾಡಿದ್ರಿ?"

"ನೀರಿಗಲ್ಲ ಕಮಲೀ."

"ಮತ್ತೆಂತಕ್ಕೆ?"

"ಗಾಳಿಗೆ."

ಆರು ವರ್ಷ ಒಂದೇ ಚಾಪೆ ಮೇಲೆ ಮಲಗಿದವಳಿಗೆ ಅಂವ ಆಗ ಹೇಳ್ದ, ಹಲಗೆ ಬಡ್ದದ್ದು, ತಾನು ಮೇಲೆ ಕೂತದ್ದು, ಎಲ್ಲ. ಕಮಲಿ ಸೆರಗಲ್ಲಿ ಮುಖ ಒರೆಸ್ಕಂಡು ಎದ್ದು ಜೀಪಿನ ಕೀಲಿ ತಂದು ಅವ್ನ ಕೈಲಿಟ್ಳು. "ನಾಳೆ ಪಾರ್ಟಿ ಬರ್ತದೆ. ಅದ್ಕೆ ಮೊದ್ಲು ಹೊನ್ನಾವರಕ್ಕೆ ಹೋಗಿ ಆ ಹಮ್ಮನ್ನ ಕೇಳ್ಕಂಬನ್ನಿ. ಹೌದಂದ್ರೂ ಅಡ್ಡಿಲ್ಲ, ಅಲ್ಲಂದ್ರೂ ಅಡ್ಡಿಲ್ಲ. ಕೇಳ್ದೆ ಮಾತ್ರ ಮನೆಗೆ ಬರ್ಬೇಡಿ."

ಹಮ್ಮ ಈಗ ಬೋಟಿಗೆ ಹೋಗೂದಿಲ್ಲ. ಜಗಲಿ ಮೇಲೆ ಬಲೆ ಹೊಲೀತಾ ಕೂತಿದ್ದ. ಒಳಗಿಂದ ಅವ್ನ ಹೆಂಡ್ತಿ ಮಾದಿ, "ಯಾರಾ ಅದು, ಸುಧಾಕರನಾ? ಬಾ ತಮಾ, ನಿಮ್ಮ ತಾಂಡೇಲನಿಗೆ ನೀನಾದ್ರೂ ಹೇಳು," ಅಂತ ಶುರು ಮಾಡ್ದಳು. "ಮನೇಲಿ ಒಂದು ಪಾತ್ರೆಗೂ ಮುಚ್ಚಳ ಇಡೂಕೆ ಬಿಡೂದಿಲ್ಲ ಈ ಮನ್ಷ. ಅನ್ನದ ಚರಿಗೆ ತೆರೆದೇ ಇರ್ಬೇಕು, ನೀರಿನ ಹಂಡೆ ತೆರೆದೇ ಇರ್ಬೇಕು. ಹಲ್ಲಿ ಬಿದ್ದ ಸಾರು ತಿಂದು ಸಾಯೂದೇ ನಾನು."

ಸುಧಾಕರನಿಗೆ ಅಲ್ಲೇ ಅರ್ಧ ಉತ್ರ ಸಿಕ್ತು. ಆದ್ರೂ ಕೇಳ್ದ.

"ತಾಂಡೇಲ್ರೇ, ಆ ದಿನ ಶಬ್ದ ಬಂತಲ್ಲ."

ಯಾವ ದಿನ ಅಂತ ಹಮ್ಮ ಕೇಳ್ಲಿಲ್ಲ. "ಬಂತು," ಅಂದ.

"ಐಸ್ ಕುಸಿಯೂದು ಅಂದ್ರಿ."

"ಅಂದೆ."

"ಹೌದಾಗಿತ್ತಾ?"

ಹಮ್ಮ ಬಲೆ ಸೂಜಿ ಕೆಳಗಿಟ್ಟ. "ನಲ್ವತ್ತು ವರ್ಷ ಐಸಿನ ಮೇಲೆ ಮಲಗಿದವ ನಾನು. ಐಸ್ ಕುಸಿದ್ರೆ ಶಬ್ದ ಕೆಳಗೆ ಹೋಗ್ತದೆ ತಮಾ. ಅದು ಮೇಲೆ ಬಂದಿತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ಹೆದ್ರಿಕೆ. ಸತ್ತಿದ್ರೆ ಕ್ರಮ ಮುರ್ದಂಗೆ. ಬದ್ಕಿದ್ರೆ, ಬದ್ಕಿದ್ದವ್ನ ಐಸಲ್ಲಿ ಹುಗ್ದವ ನಾನು ಅಂತಾಯ್ತು. ಎರಡೂ ಗೊತ್ತಾಗೂದು ಬೇಡ ಅಂತ ನಿಂಗೆ ಕೂತ್ಕ ಅಂದೆ. ನೀ ಕೂತೆ." ಮುದ್ಕ ಕೇಳ್ದ, "ನಿಂಗೂ ಇನ್ನೂ ಕೇಳ್ತದ್ಯಾ?"

"ಕೇಳ್ತದೆ."

"ತೆಗ್ದು ನೋಡಿದ್ಯಾ?"

"ಇಲ್ಲ."

"ನಾನೂ ಇಲ್ಲ. ಅದ್ಕೇ ಮುಚ್ಚಳವೇ ಬೇಡ ಅಂದೆ." ಹಮ್ಮ ಸೂಜಿ ಎತ್ಕಂಡ. "ನೀ ಗಟ್ಟಿ ಆಳು. ತೆಗ್ದು ನೋಡು. ನೋಡಿದ್ರೆ ನಂಗೆ ಹೇಳ್ಬೇಡ."

ಸಿಟ್ಟು ಬರ್ಲಿಲ್ಲ ಸುಧಾಕರನಿಗೆ. ಅದೇ ಅವ್ನಿಗೆ ಆಶ್ಚರ್ಯ. ಇಷ್ಟು ವರ್ಷ ತನ್ನ ತಲೆ ಕೆಟ್ಟದೆ ಅಂದ್ಕಂಡಿದ್ದ. ತಲೆ ಸರಿ ಇತ್ತು. ಅದು ಇನ್ನೂ ಕಷ್ಟ.

ಪಾರ್ಟಿ ಬರೂ ದಿನ ಬೆಳಿಗ್ಗೆ ಕುಮಟೆಯ ಐಸ್ ಫ್ಯಾಕ್ಟ್ರಿಯವ್ರು ಕಣ್ಣು ಬಿಟ್ರು. ಸುಧಾಕರ ಜೀಪು ಹಿಂದಾಗಿ ತಂದು ನಿಲ್ಸಿ, ಪುಡಿ ಐಸ್ ಬುಟ್ಟಿ ಹೊತ್ತು ಫ್ರಿಜ್ಜಿಗೆ ಸುರೂಕೆ ಶುರು ಮಾಡಿದ್ದ. "ಎಂತದಾ, ಕರೆಂಟಿನ ಫ್ರಿಜ್ಜಿಗೆ ಐಸ್ ಹಾಕೂದಾ? ಮತ್ತೆ ಎತ್ತಿನಗಾಡಿಗೆ ಡೀಸೆಲ್ ಹಾಕು!" ಅಂದ ಒಬ್ಬ. ಇಂವ ಮತ್ತೊಂದು ಬುಟ್ಟಿ ಎತ್ತಿ ಸುರ್ದ. ಗ್ಯಾಸ್ ಹೋದ್ರೂ ಪೆಟ್ಟಿಗೆ ಗಟ್ಟಿ, ಗೋಡೆ ದಪ್ಪ. ಬುಡದಲ್ಲಿ ತೂತೂ ಉಂಟು. ಅಂಥಾ ಐಸ್ ಪೆಟ್ಟಿಗೆ ಇಡೀ ತಾಲೂಕಲ್ಲಿಲ್ಲ. ಮೀನು, ಹಾಲು, ಮಾಲಿನಿ ಟೀಚರ್ರ ಅವ್ವನ ಔಷಧದ ಡಬ್ಬಿ, ಎಲ್ಲ ಹುಗ್ದು ಮುಚ್ಚಿ, ಎಂಟೂ ಜನ್ರನ್ನ ಹತ್ಸ್ಕಂಡು ಹೊರಟ.

ಸಂತೆಗುಳಿ ದಾಟಿ, ಎರಡು ಹಳ್ಳ ಹಾರ್ಸಿ, ಕಡಿದಾದ ಏರಲ್ಲಿ ಬಂತು. ಟಕ್.

ಸುಧಾಕರ ಹ್ಯಾಂಡ್‌ಬ್ರೇಕ್ ಎಳ್ದ, ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಹೋಗಿ ಮುಚ್ಚಳದ ಮೇಲೆ ಕೈ ಇಟ್ಟ. ಟಕ್ ಟಕ್. ಅಂಗೈಗೇ ತಾಗ್ತು. ತೆಗ್ದ.

ಐಸು. ಮೇಲೆ ಐಸು ಬಿಟ್ರೆ ಎಂತದೂ ಇಲ್ಲ. ಅಷ್ಟಕ್ಕೆ ಬಿಡ್ಲಿಲ್ಲ ಅಂವ. ಎರಡೂ ಕೈ ಮೊಣಕೈವರೆಗೆ ಹಾಕಿ ತೋಡೂಕೆ ಹಿಡ್ದ. ಮೀನು ತೆಗ್ದು ಹುಲ್ಲಿನ ಮೇಲೆ, ಹಾಲು ಕಲ್ಲಿನ ಮೇಲೆ, ಐಸ್ ಬೊಗ್ಸೆ ಬೊಗ್ಸೆ ಎತ್ತಿ ಹೊರಗೆ, ಕೆಸರಿಗೆ. ಎಂಟೂ ಜನ ಜೀಪಿಂದಿಳ್ದು ಸುತ್ತ ನಿಂತ್ರು.

"ಏನ್ ಮಾಡಾಕತ್ತೀರಿ? ತಲಿ ಕೆಟ್ಟೈತೇನ್ರಿ?" ಅಂದ್ರು ಮಾಲಿನಿ.

"ಯಾರೋ ಬಡಿದ್ರು ಮೇಡಮ್ಮಾ."

"ಬಾಟ್ಲಿ ಬಡದಿರತಾವ್ರಿ, ಗಾಡಿ ಕುಣೀತಿತ್ತಲ್ಲ."

ಅಂವ ತೋಡ್ತಾನೇ ಇದ್ದ. ಬುಡ ಕಂಡಿತು. ಬೆರಳಷ್ಟು ನೀರು, ಅದೂ ತೂತಿಂದ ಇಳೀತಾ ಇತ್ತು. ಕೈ ಕೆಂಪಾಗಿ ಜೋಮು ಹಿಡ್ದಿತ್ತು. ಮಾಲಿನಿಯವ್ರು ಅವನ ಮುಖ ನೋಡ್ದವ್ರೇ ಜೋರು ಮಾಡೂದು ಬಿಟ್ರು. ತಮ್ಮ ಶಾಲಲ್ಲಿ ಅವನ ಕೈ ಸುತ್ತಿ, "ಔಷಧ ಬಿಸಿ ಆಗಬಾರದು. ಏನ್ ಮಾಡೂಣು ಹೇಳ್ರಿ," ಅಂದ್ರು.

ಔಷಧದ ಡಬ್ಬಿ ಬಟ್ಟೆ ಸುತ್ತಿ, ಮೀನಿನ ಜೊತೆಗೆ ಪಕ್ಕದ ಹಳ್ಳದ ತಣ್ಣೀರಲ್ಲಿ, ನೆರಳಲ್ಲಿ ಕಟ್ಟಿ ಇಳಿಬಿಟ್ಟ. ಅವ್ರನ್ನ ಅಲ್ಲೇ ಮರದ ಬುಡಕ್ಕೆ ಕೂರ್ಸಿ, ಹೊತ್ತು ಇಳಿಯೂದ್ರೊಳಗೆ ಐಸ್ ತರ್ತೆ ಅಂತ ಖಾಲಿ ಪೆಟ್ಟಿಗೆ ಹಾಕ್ಕಂಡು ಇಳ್ದ.

ಖಾಲಿ ಪೆಟ್ಟಿಗೆ. ಐಸಿಲ್ಲ, ಬಾಟ್ಲಿ ಇಲ್ಲ, ಕಂಪ್ರೆಸರ್ ಸತ್ತದೆ. ಮೊದ್ಲ ಹಳ್ಳ ದಾಟಿ ಸಪಾಟು ದಾರಿ ಸಿಕ್ಕಿತ್ತು, ಜೀಪು ಕುಣೀತಾನೂ ಇರ್ಲಿಲ್ಲ. ಟಕ್. ಟಕ್ ಟಕ್.

ಸುಧಾಕರ ಜೀಪು ನಿಲ್ಸ್ದ. "ಬಂದೆ ಸೋಮಾ, ಬಂದೆ," ಅಂದ. ಹೋಗಿ ತೆಗ್ದ. ಒಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು. ಸ್ವಲ್ಪ ಹೊತ್ತು ಹಾಗೇ ನಿಂತ. ಮತ್ತೆ ಮುಚ್ಚೂಕೆ ಮನಸ್ಸಾಗ್ಲಿಲ್ಲ, ತೆರೆದೇ ಬಿಟ್ಟು ಓಡ್ಸ್ದ.

ಕುಮಟೆವರೆಗೆ ಒಂದು ಶಬ್ದ ಬರ್ಲಿಲ್ಲ. ಮುಚ್ಚಳ ತೆಗ್ದದ್ದಕ್ಕೆ ನಿಂತೋತು. ಅಷ್ಟೇ ಸಾಕಾಗಿತ್ತು ಅದ್ಕೆ. ಈ ಮಾತು ತಲೆಗೆ ಹೊಕ್ಕಾಗ ಅವ್ನಿಗೆ ರಸ್ತೆ ಕಾಣ್ಲಿಲ್ಲ, ಬದಿಗೆ ನಿಲ್ಸಿ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತ. ಬಸ್ಸಿನವ್ರು ನೋಡ್ಕಂಡು ಹೋದ್ರು.

ಐಸ್ ತುಂಬ್ಸಿ ತಿರ್ಗಿ ಹತ್ತೂವಾಗ ಮುಚ್ಚಳ ಹಾಕ್ಲೇಬೇಕಾತು, ಇಲ್ಲಂದ್ರೆ ಗುಡ್ಡ ಮುಟ್ಟೂದ್ರೊಳಗೆ ನೀರು. ಹಾಕ್ದ. ಒಂದು ಕಿವಿ ಹಿಂದೆ ಇಟ್ಟೇ ಓಡ್ಸ್ದ. ಬಿಸ್ಲು ಹಳ್ದಿಯಾಗೂ ಹೊತ್ತಿಗೆ ಮರದ ಬುಡ ಮುಟ್ಟಿದ. ಔಷಧ ತಣ್ಣಗಿತ್ತು, ಮೀನು ಕೆಟ್ಟಿರ್ಲಿಲ್ಲ, ಪಾರ್ಟಿಯವ್ರು ಯಾರಿಗೋ ಬೈದು ಬೈದು ನಗ್ತಾ ಕೂತಿದ್ರು.

"ಭಾಳ ಹೊತ್ತಾತಲ್ರೀ," ಅಂದ್ರು ಮಾಲಿನಿ, ಔಷಧದ ಡಬ್ಬಿ ಐಸಿನೊಳಗೆ ತಾವೇ ಇಡ್ತಾ. "ದಾರ್ಯಾಗ ಮತ್ತ ಬಡಿದ್ರೇನು?"

"ಹತ್ತೂವಾಗ ಬಡೀಲಿಲ್ಲ."

"ಮತ್ತ್ಯಾಕ ತಡ?"

"ಎರಡು ಸಲ ನಿಲ್ಸ್ದೆ," ಅಂದ ಸುಧಾಕರ. "ಸುಮ್ನೆ, ತೆಗ್ದು ನೋಡೂಕೆ."